ಸಹಾಯ ಬೇಕು: ಮೆಟಫರ್ (ರೂಪಕ) ಗುರುತಿಸಿದ ಮೇಲೆ ಏನು ಬರೆಯೋದು?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕ್ಲಾಸಿನಲ್ಲಿ ಈಗ ಮಾರ್ಟಿನ್ ಲೂಥರ್ ಕಿಂಗ್ ಅವರ 1963ರ ವಾಷಿಂಗ್ಟನ್ ಭಾಷಣ ಓದುತ್ತಿದ್ದೇವೆ. ಅಮೆರಿಕ ಕಪ್ಪು ಜನರಿಗೆ ಕೊಟ್ಟ ಮಾತನ್ನು ಅವರು ಬೌನ್ಸ್ ಆದ ಚೆಕ್ ಅನ್ನುತ್ತಾರೆ. ಅದು ಮೆಟಫರ್, ಸರಿ. 'ಐ ಹ್ಯಾವ್ ಎ ಡ್ರೀಮ್' ಅಂತ ವಾಕ್ಯದ ಶುರುವಿನಲ್ಲೇ ಮತ್ತೆ ಮತ್ತೆ ಬರುವುದು ಅನಾಫೊರಾ. ಇಷ್ಟು ಗುರುತಿಸೋದು ಕಷ್ಟವಿಲ್ಲ.

ಟೀಚರ್ ಕೇಳೋದೇ ಬೇರೆ: 'ಇದು ಕೇಳುಗರಿಗೆ ಏನು ಮಾಡುತ್ತದೆ?' ಅಲ್ಲಿ ಪೆನ್ನು ನಿಂತುಬಿಡುತ್ತದೆ. 'ಪರಿಣಾಮಕಾರಿಯಾಗಿದೆ' ಅಂತ ಸುಮ್ನೆ ಬರೆದರೆ ಮಾರ್ಕ್ಸ್ ಇಲ್ಲ, ಅದು ನ್ಯಾಯವೇ ಬಿಡಿ. ಚೆಕ್ ಅಂದಮೇಲೆ ಅದು ಬಾಕಿ ಹಣ. ಹಾಗಾಗಿ ಅವರು ದಯೆ ಬೇಡುತ್ತಿಲ್ಲ, ಬರಬೇಕಾದ್ದನ್ನು ಕೇಳುತ್ತಿದ್ದಾರೆ. ಹೀಗೆ ಬಿಡಿಸಿ ಬರೆದರೆ ಸಾಕಾ? ಇನ್ನೂ ಆಳಕ್ಕೆ ಹೋಗಬೇಕಾ?

ಆರ್ಗ್ಯುಮೆಂಟ್ ಎಸ್ಸೇಯಲ್ಲೂ ಒಂದು ತೊಡಕಿದೆ. ಕ್ಲೈಮ್, ಎವಿಡೆನ್ಸ್ ತನಕ ಓಕೆ. ಎದುರು ವಾದವನ್ನು ಮೊದಲೇ ಹೇಳಿ ಉತ್ತರ ಕೊಡಬೇಕಾ, ಕೊನೆಗೆ ಇಟ್ಟುಕೊಳ್ಳಬೇಕಾ? ಅದನ್ನು ಚೆನ್ನಾಗಿ ವಿವರಿಸಿದರೆ ನನ್ನ ವಾದಕ್ಕಿಂತ ಅದೇ ಗಟ್ಟಿಯಾಗಿ ಕಾಣುತ್ತದೆ!

ಓದುವಾಗ ಹೈಲೈಟರ್ ಹಿಡಿದರೆ ಇಡೀ ಪುಟ ಹಳದಿ. ಅಂಚಿನಲ್ಲಿ ಪ್ರಶ್ನೆ ಬರೆದುಕೊಳ್ಳೋದು ವಾಸಿ ಅಲ್ವಾ? ನೀವು ಬರೆದ ಒಂದು ಪ್ಯಾರಾ ಇದ್ದರೆ ದಯವಿಟ್ಟು ಹಾಕಿ.