ಬಿಕಾಂ ನಂತರ ಫೊರೆನ್ಸಿಕ್ ಅಕೌಂಟಿಂಗ್: ಯಾವ ಓದು, ಯಾವ ಕೆಲಸ?

ಪ್ರಶ್ನೆ: ಬಿಕಾಂ ವಿದ್ಯಾರ್ಥಿನಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿ ಬಿಕಾಂ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಊರು ಸೋಮವಾರಪೇಟೆಯ ಸಮೀಪದಲ್ಲಿದ್ದು, ತಂದೆಯವರು ಸಣ್ಣ ಕಾಫಿ ಬೆಳೆಗಾರರು. ಲೆಕ್ಕಪರಿಶೋಧನೆಯ ಪತ್ರಿಕೆಗಾಗಿ ಸತ್ಯಂ ಕಂಪ್ಯೂಟರ್ಸ್ ಪ್ರಕರಣವನ್ನು ಓದಿದಂದಿನಿಂದ ಫೊರೆನ್ಸಿಕ್ ಅಕೌಂಟಿಂಗ್ (ಲೆಕ್ಕಪುಸ್ತಕಗಳಲ್ಲಿನ ವಂಚನೆಯನ್ನು ಸಾಕ್ಷ್ಯಸಹಿತ ಪತ್ತೆಹಚ್ಚುವ ಕೆಲಸ) ಕ್ಷೇತ್ರದಲ್ಲಿಯೇ ಮುಂದುವರಿಯಬೇಕೆಂಬ ಆಸೆ ಬಲವಾಗಿದೆ. ಲೆಕ್ಕಪುಸ್ತಕದಲ್ಲಿ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ತೋರಿಸಿದ್ದ ಆ ಕಂಪನಿಯ ಅಧ್ಯಕ್ಷರು, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು 2009ರ ಜನವರಿ 7ರಂದು ತಾವೇ ಪತ್ರ ಬರೆದು ಒಪ್ಪಿಕೊಂಡರು. ಅಲ್ಲಿಯವರೆಗೆ ವರ್ಷವರ್ಷವೂ ಸಹಿ ಹಾಕಿದ ಲೆಕ್ಕಪರಿಶೋಧಕರಿಗೆ ಅದು ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮುಂದಿನ ಓದಿನ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಎಂಕಾಂ ಮಾಡಿಕೊಂಡು ಉಪನ್ಯಾಸಕಿಯಾಗಲಿ ಎಂಬುದು ತಾಯಿಯವರ ಇಚ್ಛೆ. ಸಿಎ ಮಾಡುವುದೇ, ಗಾಂಧಿನಗರದ ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಎಂಬಿಎಗೆ ಸೇರುವುದೇ ಅಥವಾ ಸಾಲ ಮಾಡಿಯಾದರೂ ವಿದೇಶದಲ್ಲಿ ಸ್ನಾತಕೋತ್ತರ ಪದವಿ ಪಡೆಯುವುದೇ ಎಂದು ನಾನು ಯೋಚಿಸುತ್ತಿದ್ದೇನೆ. ಓದು ಮುಗಿದ ಮೇಲೆ ಕೊಡಗಿನಲ್ಲಿಯೇ ಇದ್ದುಕೊಂಡು ಈ ಕೆಲಸ ಮಾಡಲು ಸಾಧ್ಯವೇ ಎಂಬುದನ್ನೂ ತಿಳಿಯಬೇಕಾಗಿದೆ. ಅನುಭವವುಳ್ಳವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಉತ್ತರ 1: ಚಾರ್ಟರ್ಡ್ ಅಕೌಂಟೆಂಟ್, ಮೈಸೂರು (ಮೂಲ ವಿರಾಜಪೇಟೆ)

ನಿಮ್ಮ ಪ್ರಶ್ನೆಯಲ್ಲಿರುವ ಸತ್ಯಂ ಪ್ರಕರಣದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಯಾವ ಓದು ಬೇಕು ಎಂಬುದಕ್ಕೆ ಅದರೊಳಗೇ ಉತ್ತರವಿದೆ. ಅಲ್ಲಿ ಠೇವಣಿ ರಸೀದಿಗಳೂ ಬ್ಯಾಂಕಿನ ದೃಢೀಕರಣ ಪತ್ರಗಳೂ ನಕಲಿಯಾಗಿದ್ದವು. ಶಿಲ್ಕು ಎಷ್ಟಿದೆ ಎಂದು ಲೆಕ್ಕಪರಿಶೋಧಕರು ತಾವೇ ಬ್ಯಾಂಕಿಗೆ ಪತ್ರ ಬರೆದು, ಉತ್ತರವನ್ನು ನೇರವಾಗಿ ತಮ್ಮ ಕಚೇರಿಗೆ ತರಿಸಿಕೊಳ್ಳಬೇಕಾಗಿತ್ತು. ಆ ಕೆಲಸವನ್ನು ಕಂಪನಿಯ ಕೈಗೆ ಬಿಟ್ಟಿದ್ದರಿಂದ ಕಂಪನಿ ಕೊಟ್ಟ ಕಾಗದವೇ ಸಾಕ್ಷ್ಯವಾಯಿತು. ಇದನ್ನು ತಡೆಯಲು ವಿಶೇಷ ವಿದ್ಯೆಯೇನೂ ಬೇಕಿರಲಿಲ್ಲ, ಲೆಕ್ಕಪರಿಶೋಧನೆಯ ಮೊದಲ ಪಾಠವನ್ನು ಪಾಲಿಸಿದ್ದರೆ ಸಾಕಾಗಿತ್ತು. ಆದ್ದರಿಂದ ಸಾಮಾನ್ಯ ಲೆಕ್ಕಪರಿಶೋಧನೆಯಲ್ಲಿ ಕೈ ಪಳಗದೆ ಫೊರೆನ್ಸಿಕ್ ಕೆಲಸಕ್ಕೆ ಇಳಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗಾಗಿ ನಾನು ಸಿಎ ಮಾಡಿ ಎನ್ನುತ್ತೇನೆ. ಬಿಕಾಂನಲ್ಲಿ ಶೇಕಡಾ 55 ಅಂಕ ಬಂದವರು ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೇಟ್‌ಗೆ ಸೇರಬಹುದು. 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಕಚೇರಿಯಲ್ಲಿ ಪಡೆಯುವ ಕಡ್ಡಾಯ ತರಬೇತಿ) ಎರಡು ವರ್ಷಕ್ಕೆ ಇಳಿದಿದೆ. ಸ್ನಾತಕೋತ್ತರ ಪದವಿ ಇಲ್ಲದಂತಾಗುತ್ತದೆ ಎಂದು ತಾಯಿಯವರು ಚಿಂತಿಸಬೇಕಾಗಿಲ್ಲ. ಸಿಎ ಅರ್ಹತೆಯನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಯುಜಿಸಿ 2021ರಲ್ಲಿಯೇ ತಿಳಿಸಿರುವುದರಿಂದ, ಮುಂದೆ ಉಪನ್ಯಾಸಕಿಯಾಗಲು ನೆಟ್ ಪರೀಕ್ಷೆ ಬರೆಯುವ ದಾರಿಯೂ ತೆರೆದಿರುತ್ತದೆ. ಆರ್ಟಿಕಲ್‌ಶಿಪ್‌ಗೆ ಕಚೇರಿಯನ್ನು ಆರಿಸುವಾಗ ಮಾತ್ರ ಎಚ್ಚರ ವಹಿಸಿ. ತೆರಿಗೆ ರಿಟರ್ನ್ ತುಂಬುವುದರಲ್ಲಿಯೇ ಎರಡು ವರ್ಷ ಕಳೆದುಹೋಗುವ ಕಚೇರಿಗಿಂತ, ಬ್ಯಾಂಕ್ ಶಾಖೆಗಳ ಕನ್‌ಕರೆಂಟ್ ಆಡಿಟ್ (ವ್ಯವಹಾರ ನಡೆಯುತ್ತಿರುವಾಗಲೇ ಮಾಡುವ ಪರಿಶೋಧನೆ) ಮತ್ತು ಗೋದಾಮಿನ ಸ್ಟಾಕ್ ಆಡಿಟ್ ಮಾಡುವ ಕಚೇರಿ ನಿಮಗೆ ಹೆಚ್ಚು ಕಲಿಸುತ್ತದೆ.

ಸಿಎ ಆದ ಮೇಲೆ ಸಿಎಗಳ ರಾಷ್ಟ್ರೀಯ ಸಂಸ್ಥೆಯಾದ ನಮ್ಮ ಐಸಿಎಐ ಸದಸ್ಯರಿಗಾಗಿ ಫೊರೆನ್ಸಿಕ್ ಅಕೌಂಟಿಂಗ್ ಮತ್ತು ವಂಚನೆ ಪತ್ತೆಯ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ಈ ಕೆಲಸಕ್ಕೆಂದೇ ಸಂಸ್ಥೆ ರೂಪಿಸಿದ ಮಾನದಂಡಗಳು 2023ರ ಜುಲೈ 1ರಿಂದ ಸದಸ್ಯರಿಗೆ ಕಡ್ಡಾಯವಾಗಿವೆ. ಅವುಗಳನ್ನು ಈಗಲೇ ಓದಲು ಆರಂಭಿಸಿ. ಯಾರು ತಪ್ಪಿತಸ್ಥರು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ ಎಂಬುದು ಅವುಗಳಿಂದ ಸ್ಪಷ್ಟವಾಗುತ್ತದೆ. ಹಣ ಯಾವ ಖಾತೆಯಿಂದ ಹೊರಟಿತು, ಯಾವ ಖಾತೆಗಳನ್ನು ದಾಟಿತು, ಯಾವ ಕಾಗದದ ಆಧಾರದ ಮೇಲೆ ದಾಟಿತು ಎಂಬುದನ್ನು ಸಾಕ್ಷ್ಯಸಹಿತ ಮುಂದಿಡುವುದು ನಮ್ಮ ಪಾಲು, ಅಪರಾಧವನ್ನು ನಿರ್ಧರಿಸುವುದು ನ್ಯಾಯಾಲಯದ ಪಾಲು. ಕಂಪನಿ ಕಾಯ್ದೆ 2013ರ 447ನೇ ಸೆಕ್ಷನ್ ಪ್ರಕಾರ ವಂಚನೆಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿರುವಾಗ, ವರದಿಯ ಒಂದು ಸಡಿಲವಾದ ವಾಕ್ಯ ಒಬ್ಬ ಮನುಷ್ಯನ ಬದುಕಿನ ಮೇಲೆ ಬೀಳುತ್ತದೆ.

ಇದೇ ಕಾರಣಕ್ಕೆ ಕಾನೂನನ್ನು ಉಪವಿಷಯವೆಂದು ಬದಿಗಿಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಕಂಪ್ಯೂಟರಿನಿಂದ ತೆಗೆದ ಲೆಕ್ಕದ ಪ್ರತಿಯನ್ನು ಸಾಕ್ಷ್ಯವಾಗಿ ಕೊಡುವಾಗ ಅದರೊಂದಿಗೆ ಹ್ಯಾಶ್ ಮೌಲ್ಯವನ್ನು (ಕಡತ ಬದಲಾಗಿದೆಯೇ ಎಂದು ತಿಳಿಸುವ ಬೆರಳಚ್ಚಿನಂತಹ ಸಂಕೇತವನ್ನು) ಒಳಗೊಂಡ ಪ್ರಮಾಣಪತ್ರ ಇರಬೇಕು, ಅದರ ಒಂದು ಭಾಗಕ್ಕೆ ತಜ್ಞರು ಸಹಿ ಮಾಡಬೇಕು. ಲೆಕ್ಕ ಎಷ್ಟೇ ಸರಿಯಾಗಿದ್ದರೂ ಆ ಕಾಗದವಿಲ್ಲದಿದ್ದರೆ ಪಾಟೀಸವಾಲಿನಲ್ಲಿ ವಕೀಲರು ಮೊದಲು ಹಿಡಿಯುವುದು ಅದನ್ನೇ.

ಉತ್ತರ 2: ನಿವೃತ್ತ ಸಹಕಾರಿ ಲೆಕ್ಕಪರಿಶೋಧಕ, ಗೋಣಿಕೊಪ್ಪಲು

ಮೈಸೂರಿನ ಮಿತ್ರರು ದೊಡ್ಡ ಕಂಪನಿಗಳ ದಾರಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ಊರಿನಲ್ಲಿಯೇ ಇದ್ದು ಮಾಡುವ ಕೆಲಸವಿದೆಯೇ ಎಂಬ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ.

ನಮ್ಮ ಜಿಲ್ಲೆಯ ಹಳ್ಳಿಯ ಹಣವೆಲ್ಲ ಬಹುಮಟ್ಟಿಗೆ ಸೊಸೈಟಿಗಳ ಮೂಲಕವೇ ಓಡಾಡುತ್ತದೆ. ಗೊಬ್ಬರದ ಸಾಲ, ಆಭರಣ ಸಾಲ, ಪಿಗ್ಮಿ, ನಿರಖು ಠೇವಣಿ ಎಲ್ಲವೂ ಅಲ್ಲಿಯೇ ಇವೆ. ಅಲ್ಲಿ ನಡೆಯುವ ವಂಚನೆಗಳು ಮೊತ್ತದಲ್ಲಿ ಸಣ್ಣವಾದರೂ ಅವುಗಳ ವಿಧಾನವನ್ನು ಅರಿತವರಿಗೆ ಮುಂದೆ ಯಾವ ಬ್ಯಾಂಕಿನ ಪುಸ್ತಕವೂ ಕಷ್ಟವಾಗುವುದಿಲ್ಲ. ಪಿಗ್ಮಿಯನ್ನೇ ನೋಡಿ. ಸಂಗ್ರಹಕಾರ ಒಬ್ಬ ಗ್ರಾಹಕರ ಇಂದಿನ ಹಣವನ್ನು ಕೈಯಲ್ಲಿ ಉಳಿಸಿಕೊಂಡು, ನಾಳೆ ಇನ್ನೊಬ್ಬರಿಂದ ಬಂದ ಹಣವನ್ನು ಮೊದಲಿನವರ ಖಾತೆಗೆ ಜಮೆ ಮಾಡುತ್ತಾನೆ. ಎರಡನೆಯವರ ಕೊರತೆಯನ್ನು ಮೂರನೆಯವರ ಹಣದಿಂದ ತುಂಬುತ್ತಾನೆ. ನಗದು ಪುಸ್ತಕ ದಿನವೂ ತಾಳೆಯಾಗುತ್ತದೆ, ಒಟ್ಟು ಮೊತ್ತದಲ್ಲಿ ಏನೂ ಕಾಣುವುದಿಲ್ಲ. ಗ್ರಾಹಕರ ಕೈಯಲ್ಲಿರುವ ರಸೀದಿಯ ದಿನಾಂಕವನ್ನೂ ಖಾತೆಯ ಜಮೆಯ ದಿನಾಂಕವನ್ನೂ ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಅಂತರ ತಿಳಿಯುತ್ತದೆ. ಇಂತಹ ಸಂಗ್ರಹಕಾರ ರಜೆ ಹಾಕುವುದಿಲ್ಲ, ಏಕೆಂದರೆ ಬೇರೊಬ್ಬರು ಒಂದು ವಾರ ಆ ದಾರಿಯಲ್ಲಿ ಹೋದರೆ ಸರಪಳಿ ತುಂಡಾಗುತ್ತದೆ. ರಜೆಯ ಪುಸ್ತಕವನ್ನೂ ತರಿಸಿ ನೋಡಬೇಕೆಂದು ನಾನು ಹೊಸಬರಿಗೆ ಹೇಳುತ್ತಿದ್ದುದು ಇದಕ್ಕಾಗಿಯೇ.

ಆಭರಣ ಸಾಲದಲ್ಲಿ ಸರಾಫರ ತೂಕದ ಚೀಟಿ, ಚೀಲದ ಮೇಲಿನ ಮೊಹರು, ನವೀಕರಣದ ದಿನಾಂಕಗಳು ಮುಖ್ಯ. ಬಡ್ಡಿ ಕಟ್ಟಿದ ಹಾಗೆ ತೋರಿಸಿ ಮತ್ತೆ ಮತ್ತೆ ನವೀಕರಿಸಿದ, ಆದರೆ ಸಾಲಗಾರ ಒಮ್ಮೆಯೂ ಕಚೇರಿಗೆ ಬಾರದ ಖಾತೆಯ ಚಿನ್ನವನ್ನು ಮೊದಲು ಪರೀಕ್ಷಿಸುವ ವ್ಯವಸ್ಥೆ ಮಾಡಬೇಕು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರಲ್ಲಿ 63ನೇ ಸೆಕ್ಷನ್ ಲೆಕ್ಕಪರಿಶೋಧನೆಗೆ, 64 ವಿಚಾರಣೆಗೆ, 69 ನಷ್ಟವನ್ನು ಹೊಣೆಗಾರರಿಂದ ವಸೂಲು ಮಾಡುವ ಅಧಿಭಾರಕ್ಕೆ ಸಂಬಂಧಿಸಿವೆ. ಈ ಮೂರರ ನಡುವಿನ ವ್ಯತ್ಯಾಸವನ್ನು ತಿಳಿದು ವರದಿ ಬರೆಯುವವರು ನಮ್ಮಲ್ಲಿ ಬಹಳ ಕಡಿಮೆ. ಲೆಕ್ಕಪರಿಶೋಧಕರ ವರದಿ ಚೆನ್ನಾಗಿದ್ದರೂ ಯಾರ ಸಹಿಯಿಂದ ಯಾವ ದಿನ ಎಷ್ಟು ಹೋಯಿತು ಎಂಬುದನ್ನು ಒಬ್ಬೊಬ್ಬರ ಹೆಸರಿಗೆ ವಿಂಗಡಿಸದಿದ್ದರೆ ಅಧಿಭಾರದ ಆದೇಶ ಮೇಲ್ಮನವಿಯಲ್ಲಿ ಉಳಿಯುವುದು ಕಷ್ಟ, ಮತ್ತು ಠೇವಣಿ ಕಳೆದುಕೊಂಡ ವೃದ್ಧರು ಕಚೇರಿಯ ಬಾಗಿಲು ಕಾಯುತ್ತಲೇ ಇರಬೇಕಾಗುತ್ತದೆ. ಸಹಕಾರ ಲೆಕ್ಕಪರಿಶೋಧನಾ ಇಲಾಖೆಯ ಹುದ್ದೆಗಳಿಗೆ ಲೋಕಸೇವಾ ಆಯೋಗದ ಪ್ರಕಟಣೆಗಳನ್ನು ಗಮನಿಸುತ್ತಿರಿ. ಅದು ಗೌರವದ ಕೆಲಸ, ಕಲಿಕೆಯ ಕೆಲಸವೂ ಹೌದು.

ಉತ್ತರ 3: ಬ್ಯಾಂಕಿನ ವಂಚನೆ ತನಿಖಾ ವಿಭಾಗದ ಉದ್ಯೋಗಿ, ಬೆಂಗಳೂರು (ಮೂಲ ಕುಶಾಲನಗರ)

ಸಿಎ ಒಂದೇ ದಾರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಎಂಕಾಂ ಮುಗಿಸಿ, ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸಿಎಫ್‌ಇ (ಸರ್ಟಿಫೈಡ್ ಫ್ರಾಡ್ ಎಗ್ಸಾಮಿನರ್, ಅಂದರೆ ಪ್ರಮಾಣಿತ ವಂಚನೆ ಪರೀಕ್ಷಕ) ಪರೀಕ್ಷೆ ಬರೆದವಳು. ಅಮೆರಿಕದ ಟೆಕ್ಸಾಸ್‌ನಲ್ಲಿ ಕೇಂದ್ರ ಕಚೇರಿಯಿರುವ, 1988ರಲ್ಲಿ ಸ್ಥಾಪನೆಯಾದ ಎಸಿಎಫ್‌ಇ ಎಂಬ ವಂಚನೆ ಪರೀಕ್ಷಕರ ಸಂಸ್ಥೆ ಇದನ್ನು ನಡೆಸುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಸಂಬಂಧಪಟ್ಟ ಕ್ಷೇತ್ರದಲ್ಲಿ ಎರಡು ವರ್ಷದ ಅನುಭವವಿಲ್ಲದೆ ಪ್ರಮಾಣಪತ್ರ ಸಿಗುವುದಿಲ್ಲವಾದ್ದರಿಂದ, ಪದವಿಯ ಬೆನ್ನಿಗೇ ಇದಕ್ಕೆ ಹಣ ಕಟ್ಟುವ ಆತುರ ಬೇಡ. ಆದರೆ ಕಾನೂನಿನ ಪ್ರಕಾರ ಕಂಪನಿಯ ಲೆಕ್ಕಪರಿಶೋಧನೆಗೆ ಸಹಿ ಹಾಕಬೇಕೆಂಬ ಬಯಕೆ ಇದ್ದರೆ ಸಿಎ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ.

ನನ್ನ ವಿಭಾಗದಲ್ಲಿ ದಿನದ ಬಹುಪಾಲು ಕೆಲಸ ದತ್ತಾಂಶದ್ದು. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಶಾಖೆಯಲ್ಲಿ 2018ರಲ್ಲಿ ಹೊರಬಂದ ಪ್ರಕರಣದಲ್ಲಿ ಸ್ವಿಫ್ಟ್ (ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲ) ಮೂಲಕ ಹೋದ ಖಾತರಿ ಸಂದೇಶಗಳು ಬ್ಯಾಂಕಿನ ಕೋರ್ ಬ್ಯಾಂಕಿಂಗ್ ಲೆಕ್ಕದಲ್ಲಿ ದಾಖಲಾಗಿರಲಿಲ್ಲ. ಎರಡು ಪಟ್ಟಿಗಳನ್ನು ಪ್ರತಿದಿನ ತಾಳೆ ನೋಡಿದ್ದರೆ ಸಿಕ್ಕಿಬೀಳುತ್ತಿದ್ದ ವಂಚನೆ ವರ್ಷಗಟ್ಟಲೆ ನಡೆಯಿತು. ಆದ್ದರಿಂದ ಎಕ್ಸೆಲ್ ಅನ್ನು ಆಳವಾಗಿ ಕಲಿಯಿರಿ, ದತ್ತಾಂಶದಿಂದ ಬೇಕಾದ ಮಾಹಿತಿ ಹೆಕ್ಕುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯಿರಿ. ವ್ಯವಸ್ಥಾಪಕರ ಸಾಲ ಮಂಜೂರಾತಿಯ ಮಿತಿ ಎರಡು ಲಕ್ಷವಾಗಿದ್ದರೆ ಅದಕ್ಕಿಂತ ಸ್ವಲ್ಪವೇ ಕಡಿಮೆಯ ಸಾಲಗಳು ಎಷ್ಟು ಒತ್ತಾಗಿವೆ ಎಂದು ಒಂದು ಸಾಲಿನ ಎಸ್‌ಕ್ಯೂಎಲ್ ತೋರಿಸುತ್ತದೆ.

ಬೆನ್‌ಫೋರ್ಡ್ ನಿಯಮದ ಬಗ್ಗೆ ನೀವು ಖಂಡಿತ ಓದುತ್ತೀರಿ: ಸಹಜವಾಗಿ ಬೆಳೆದ ಸಂಖ್ಯೆಗಳಲ್ಲಿ ಸುಮಾರು ಶೇಕಡಾ 30ರಷ್ಟು 1ರಿಂದ ಆರಂಭವಾಗುತ್ತವೆ, 9ರಿಂದ ಆರಂಭವಾಗುವವು ಶೇಕಡಾ 5ಕ್ಕಿಂತ ಕಡಿಮೆ. ಕೈಯಿಂದ ಹುಟ್ಟಿಸಿದ ಬಿಲ್ಲುಗಳು ಸಾಮಾನ್ಯವಾಗಿ ಈ ಅನುಪಾತವನ್ನು ಪಾಲಿಸುವುದಿಲ್ಲ. ಆದರೆ ಇದನ್ನು ಎಲ್ಲೆಂದರಲ್ಲಿ ಬಳಸುವಂತಿಲ್ಲ. ತೋಟದ ಚೆಕ್‌ರೋಲಿನಲ್ಲಿ (ಕಾರ್ಮಿಕರ ಹಾಜರಿ ಮತ್ತು ಕೂಲಿಯ ಪಟ್ಟಿ) ದಿನಗೂಲಿ ನಿಗದಿಯಾಗಿರುವುದರಿಂದ ಅಲ್ಲಿ ಈ ನಿಯಮ ಹೊಂದುವುದೇ ಇಲ್ಲ. ತೋಟದ ಗುಮಾಸ್ತರಾದ ರೈಟರ್ ನಿಜವಾಗಿ ಇಲ್ಲದ ಕಾರ್ಮಿಕರ ಹೆಸರುಗಳನ್ನು ಬರೆದಿದ್ದಾರೆಯೇ ಎಂದು ತಿಳಿಯಲು ಮೇಸ್ತ್ರಿಯ ಹಾಜರಿ ಪುಸ್ತಕವನ್ನೂ ಕೂಲಿ ಪಾವತಿಯ ಸಹಿಗಳನ್ನೂ ಜೋಡಿಸಿ ನೋಡಬೇಕು. ಯಾವ ಸಾಧನವನ್ನು ಎಲ್ಲಿ ಬಳಸಬಾರದು ಎಂಬುದು ಸಂದರ್ಶನಗಳಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ.

ಗಾಂಧಿನಗರದ ಸಂಸ್ಥೆಯನ್ನು 2020ರ ಕಾಯ್ದೆಯ ಮೂಲಕ ಸಂಸತ್ತು ರಾಷ್ಟ್ರೀಯ ವಿಶ್ವವಿದ್ಯಾಲಯವನ್ನಾಗಿಸಿದೆ, ಧಾರವಾಡದಲ್ಲಿ ಅದರ ಕ್ಯಾಂಪಸ್ಸೂ ಇದೆ. ಡಿಜಿಟಲ್ ಸಾಕ್ಷ್ಯದವರೊಂದಿಗೆ ಒಂದೇ ಆವರಣದಲ್ಲಿ ಕಲಿಯುವ ಅವಕಾಶವೇ ಅಲ್ಲಿನ ದೊಡ್ಡ ಲಾಭ. ಈ ವಿಷಯದ ಎಂಬಿಎ ಯಾವ ಕ್ಯಾಂಪಸ್ಸಿನಲ್ಲಿ ನಡೆಯುತ್ತದೆ ಎಂಬುದನ್ನು ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ನೋಡಿಕೊಂಡೇ ಅರ್ಜಿ ಹಾಕಿ.

ಪ್ರಶ್ನೆ ಕೇಳಿದವರಿಂದ

ಹಿರಿಯರಿಗೂ ಅಕ್ಕನವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ರಜೆಯ ಪುಸ್ತಕವನ್ನು ನೋಡಬೇಕೆಂಬ ಮಾತು ನಮ್ಮ ಯಾವ ಪಠ್ಯದಲ್ಲಿಯೂ ಇರಲಿಲ್ಲ. ವಿದೇಶದ ಓದಿನ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಕೈಬಿಡುವುದೇ ಒಳ್ಳೆಯದೇ? ತೋಟದ ಲೆಕ್ಕಗಳಲ್ಲಿಯೂ ಫೊರೆನ್ಸಿಕ್ ಕೆಲಸವಿದೆ ಎಂಬುದನ್ನು ಯಾರಾದರೂ ಇನ್ನಷ್ಟು ವಿವರಿಸಿದರೆ ತಂದೆಯವರಿಗೆ ಓದಿ ಹೇಳುತ್ತೇನೆ.

ಉತ್ತರ 4: ಚಾರ್ಟರ್ಡ್ ಅಕೌಂಟೆಂಟ್, ಮೈಸೂರು

ವಿದೇಶದಲ್ಲಿ ಒಳ್ಳೆಯ ಕೋರ್ಸುಗಳಿವೆ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಂತಹ ಕಡೆ ಇದೇ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇದೆ. ಆದರೆ ಅಲ್ಲಿ ಕಲಿಸುವುದು ಆ ದೇಶದ ಸಾಕ್ಷ್ಯ ಕಾನೂನು, ಆ ದೇಶದ ನ್ಯಾಯಾಲಯದ ರೀತಿ. ಅಲ್ಲಿಯೇ ನೆಲೆಸುವ ಉದ್ದೇಶವಿಲ್ಲದಿದ್ದರೆ ತೋಟವನ್ನು ಅಡವಿಟ್ಟು ಹೋಗುವುದು ಸರಿಯಲ್ಲ. ಅದೇ ವರ್ಷಗಳಲ್ಲಿ ಇಲ್ಲಿ ದಿವಾಳಿ ಸಂಹಿತೆ 2016ರ ಅಡಿಯ ವಹಿವಾಟು ಪರಿಶೋಧನೆಯನ್ನು ಕಲಿಯಬಹುದು. ಕಂಪನಿ ಮುಳುಗುವ ಮುನ್ನ ತನ್ನವರಿಗೆ ಮಾಡಿದ ಆದ್ಯತೆಯ ಪಾವತಿಗಳನ್ನು ಎರಡು ವರ್ಷ, ಹೊರಗಿನವರಿಗೆ ಮಾಡಿದವನ್ನು ಒಂದು ವರ್ಷ ಹಿಂದಕ್ಕೆ ಹೋಗಿ ಹುಡುಕುವ ಈ ಕೆಲಸ ಸಣ್ಣ ಕಚೇರಿಗಳಿಗೂ ದೊರೆಯುತ್ತದೆ.

ಕಾಫಿಯ ಲೆಕ್ಕದ ವಿಷಯಕ್ಕೆ ಬಂದರೆ, ತಂದೆಯವರು ನಿಮಗಿಂತ ಹೆಚ್ಚು ಬಲ್ಲರು, ಅವರಿಂದಲೇ ಕಲಿಯಿರಿ. ಆದಾಯ ತೆರಿಗೆ ನಿಯಮಗಳ ಪ್ರಕಾರ ತಾನೇ ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜವನ್ನು ಹಸನು ಮಾಡುವುದು) ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇಕಡಾ 25 ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40. ಉಳಿದದ್ದು ಕೇಂದ್ರದ ಆದಾಯ ತೆರಿಗೆಯಿಲ್ಲದ ಕೃಷಿ ಆದಾಯ. ಈ ವಿನಾಯಿತಿ ಇರುವುದರಿಂದಲೇ ಬೇರೆ ಮೂಲದ ಹಣವನ್ನು ಕಾಫಿಯ ಹಣವೆಂದು ತೋರಿಸುವ ಪ್ರಯತ್ನಗಳು ನಡೆಯುತ್ತವೆ, ಅದರಿಂದ ಪ್ರಾಮಾಣಿಕ ಬೆಳೆಗಾರರ ಮೇಲೂ ಅನುಮಾನ ಬೀಳುತ್ತದೆ. ಇದನ್ನು ಪರೀಕ್ಷಿಸುವವರಿಗೆ ಎಕರೆಗೆ ಎಷ್ಟು ಚೀಲ ಬರುತ್ತದೆ, 50 ಕಿಲೋ ರೋಬಸ್ಟಾ ಚೆರಿಯಿಂದ (ಒಣಗಿಸಿದ ಕಾಫಿ ಹಣ್ಣಿನಿಂದ) ಸುಮಾರು 26 ಕಿಲೋ ಬೀಜ ಸಿಗುವ ಔಟ್‌ಟರ್ನ್ ಎಂದರೇನು, ಅಷ್ಟು ಹಣ್ಣು ಕೊಯ್ಯಲು ಎಷ್ಟು ಆಳು ಬೇಕು ಎಂಬುದು ಗೊತ್ತಿರಬೇಕು. ಮಾರಿದೆನೆಂದು ಹೇಳುವ ಪ್ರಮಾಣಕ್ಕೆ ತಕ್ಕಷ್ಟು ಕೊಯ್ಲಿನ ಕೂಲಿಯಾಗಲಿ, ಲಾರಿ ಬಾಡಿಗೆಯಾಗಲಿ, ಕ್ಯೂರಿಂಗ್ ವರ್ಕ್ಸ್‌ನ ರಸೀದಿಯಾಗಲಿ ಇಲ್ಲದಿದ್ದರೆ ಅಲ್ಲಿಂದ ವಿಚಾರಣೆ ಆರಂಭವಾಗುತ್ತದೆ. ದೊಡ್ಡ ನಗರದಲ್ಲಿ ಬೆಳೆದ ಲೆಕ್ಕಪರಿಶೋಧಕರಿಗೆ ಈ ಅಂದಾಜು ಸುಲಭವಾಗಿ ಸಿಗುವುದಿಲ್ಲ.

ಅಂತಿಮ ವರ್ಷದಲ್ಲಿದ್ದಾಗಲೇ ಇಂಟರ್‌ಮೀಡಿಯೇಟ್‌ಗೆ ತಾತ್ಕಾಲಿಕ ನೋಂದಣಿ ಮಾಡಿಸಲು ಅವಕಾಶವಿದೆ. ಪದವಿಯ ಫಲಿತಾಂಶಕ್ಕಾಗಿ ಕಾಯದೆ ಆ ಅರ್ಜಿಯನ್ನು ಈಗಲೇ ಹಾಕಿ. ಈ ಬಾರಿಯ ಕೊಯ್ಲಿನ ಚೆಕ್‌ರೋಲ್ ಮತ್ತು ಕ್ಯೂರಿಂಗ್ ರಸೀದಿಗಳನ್ನು ತಂದೆಯವರ ಜೊತೆ ಕುಳಿತು ತಾಳೆ ಮಾಡಿ ನೋಡಿ, ಅದರಲ್ಲಿ ಹೊಂದದ ಅಂಕಿಗಳು ಕಂಡರೆ ಇಲ್ಲಿಯೇ ಬರೆಯಿರಿ, ಚರ್ಚಿಸೋಣ.