ವಸಡಿನ ಆಪರೇಷನ್‌ನಲ್ಲಿ ಹಲ್ಲಿನ ಬೇರಿಗೆ ಆಸಿಡ್ ಹಚ್ಚಿಸಿಕೊಂಡವರು ಇದ್ದೀರಾ?

ದಾವಣಗೆರೆ, ವಿದ್ಯಾನಗರದಿಂದ ಕೇಳ್ತಿದ್ದೇನೆ. ಅಮ್ಮನಿಗೆ 52 ವರ್ಷ, ಶುಗರ್ ಇದೆ. ದವಡೆ ಹಲ್ಲುಗಳ ಹತ್ತಿರ ವಸಡು ಬಿಟ್ಟುಕೊಂಡಿದೆ. ಕ್ಲೀನಿಂಗ್ ಆದಮೇಲೂ ಪಾಕೆಟ್ (ಹಲ್ಲು, ವಸಡಿನ ನಡುವಿನ ಸಂದಿ) 6 ಮಿ.ಮೀ. ಆಳ ಇದೆಯಂತೆ, ಫ್ಲಾಪ್ ಸರ್ಜರಿ, ಅಂದರೆ ವಸಡು ಬಿಡಿಸಿ ಒಳಗೆ ಕ್ಲೀನ್ ಮಾಡಿ ಹೊಲಿಯುವುದು, ಮಾಡಬೇಕು ಅಂದಿದ್ದಾರೆ. ಜೊತೆಗೆ ಬೇರಿಗೆ ರೂಟ್ ಕಂಡೀಷನಿಂಗ್, ಅಂದರೆ ಆಸಿಡ್ ಥರದ ಕೆಮಿಕಲ್ ಹಚ್ಚುವುದು, ಅದಕ್ಕೆ ಬೇರೆ ಚಾರ್ಜ್. ಆಸಿಡ್ ಅಂತ ಕಿವಿಗೆ ಬಿದ್ದಿದ್ದೇ ಅಮ್ಮ ಬೇಡವೇ ಬೇಡ ಅಂತ ಕೂತುಬಿಟ್ಟಿದ್ದಾರೆ. ಹಲ್ಲು ಕರಗುತ್ತಾ? ಮಾಡಿಸಿಕೊಂಡವರು ಹೇಳಿ.

ಪಿ.ಜೆ. ಬಡಾವಣೆಯಿಂದ: ನನಗೆ ಮಾಡಿದ್ದಾರೆ. ಹಾಕಿದ್ದು ಟೆಟ್ರಾಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್. ಕ್ಯಾಪ್ಸೂಲ್ ಬಿಚ್ಚಿ ಆ ಹಳದಿ ಪುಡಿಯನ್ನು ಸಲೈನ್‌ನಲ್ಲಿ ಕಲಸಿದರು. ಹತ್ತಿ ಉಂಡೆ ಅದ್ದಿ ಬೇರಿಗೆ ಒತ್ತಿ ಹಿಡಿದರು, ಆಮೇಲೆ ಚೆನ್ನಾಗಿ ತೊಳೆದು ಹೊಲಿಗೆ ಹಾಕಿದರು. ಇಂಜೆಕ್ಷನ್ ಕೊಟ್ಟಿರುತ್ತಾರೆ, ನೋವು ಗೊತ್ತಾಗಲ್ಲ. ಕಹಿ ಮಾತ್ರ ನಾಲಿಗೆಗೆ ತಾಗಿತು. ಈ ಔಷಧಿ ಮೈಗೆ ಆಗಲ್ಲ ಅನ್ನೋರು ಮೊದಲೇ ಹೇಳಿಬಿಡಿ.

ಚಿತ್ರದುರ್ಗದಿಂದ, ವಸಡಿನ ವಿಭಾಗದಲ್ಲೇ ಓದಿದವಳು: ಮುಖ್ಯವಾಗಿ ಬಳಸುವುದು ಸಿಟ್ರಿಕ್ ಆಸಿಡ್, ಟೆಟ್ರಾಸೈಕ್ಲಿನ್, ಇಡಿಟಿಎ. ವಸಡು ಬಿಟ್ಟ ಕಡೆ ಬೇರಿನ ಮೇಲೆ ಗಟ್ಟಿ ಪಾಚಿ, ಬ್ಯಾಕ್ಟೀರಿಯಾದ ಕೊಳೆ ಎಲ್ಲಾ ಕೂತಿರುತ್ತದೆ. ನಾವು ಕ್ಯುರೆಟ್ ಹಿಡಿದು ಕೆರೆಯುತ್ತೇವೆ. ಮುಟ್ಟಿದರೆ ಬೇರು ಗಾಜಿನ ಹಾಗೆ ನುಣುಪು. ಆದರೆ ಕೆರೆದ ಪುಡಿಯೇ ತೆಳ್ಳಗೆ ಮೆತ್ತಿಕೊಂಡಿರುತ್ತದೆ, ಅದಕ್ಕೆ ಸ್ಮಿಯರ್ ಲೇಯರ್ ಅಂತೀವಿ. ಕೆಮಿಕಲ್ ಅದನ್ನು ತೆಗೆದು, ಮೇಲ್ಪದರದ ಖನಿಜ ಸ್ವಲ್ಪ ಇಳಿಸಿ, ಒಳಗಿನ ಕೊಲ್ಯಾಜನ್ ನಾರು ಹೊರಗೆ ಬರುವ ಹಾಗೆ ಮಾಡುತ್ತದೆ. ಹೊಸ ಅಂಗಾಂಶ ಆ ನಾರಿಗೆ ಕಚ್ಚಿಕೊಳ್ಳಲಿ ಅನ್ನೋದು ಲೆಕ್ಕಾಚಾರ. ಕರಗುವುದು ಕಣ್ಣಿಗೆ ಕಾಣದಷ್ಟು, ಹಲ್ಲಿಗೇನೂ ಆಗಲ್ಲ.

ಸಿಟ್ರಿಕ್ ಆಸಿಡ್ ಮಾತ್ರ ತುಂಬಾ ಸ್ಟ್ರಾಂಗ್, ಪಿಎಚ್ 1 (ಈ ಅಂಕಿ ಕಡಿಮೆ ಇದ್ದಷ್ಟೂ ಆಸಿಡ್ ಜೋರು). ಅಕ್ಕಪಕ್ಕದ ಅಂಗಾಂಶಕ್ಕೆ ತಾಗಿದರೆ ಗಾಯ ಮಾಯುವುದಕ್ಕೆ ಅಡ್ಡಿ. ಅದಕ್ಕೇ ಈಗ ಜಾಸ್ತಿ ಜನ 24% ಇಡಿಟಿಎ ಜೆಲ್ ಇಷ್ಟಪಡುತ್ತಾರೆ. ಪಿಎಚ್ 7ರ ಹತ್ತಿರ, ಹೆಚ್ಚುಕಡಿಮೆ ನೀರಿನಷ್ಟೇ, 2 ನಿಮಿಷ ಹಚ್ಚಿ ತೊಳೆಯುವುದು. ಕ್ಯಾಲ್ಸಿಯಂ ಹಿಡಿದು ಎಳೆಯುತ್ತದೆಯೇ ಹೊರತು ಸುಡಲ್ಲ.

ಮೂಲ ಪ್ರಶ್ನೆ ಕೇಳಿದವರು: ಹಾಗಾದ್ರೆ ದುಡ್ಡು ಕೊಟ್ಟು ಮಾಡಿಸೋಣ ಅಂತೀರಾ?

ಚಿತ್ರದುರ್ಗದಿಂದ: ಅದಕ್ಕೆಂದೇ ಬೇರೆ ದುಡ್ಡು ಅಂದರೆ ನಾನಾದರೆ ಬೇಡ ಅಂತೀನಿ. 1970ರ ದಶಕದಲ್ಲಿ ಪ್ರಾಣಿಗಳ ಮೇಲೆ ಮಾಡಿದಾಗ ಚೆನ್ನಾಗಿ ಬಂತು, ಎಲ್ಲರಿಗೂ ಆಸೆ ಹುಟ್ಟಿತು. ಮನುಷ್ಯರಲ್ಲಿ ಅಷ್ಟು ಬರಲಿಲ್ಲ. ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2003ರ ಒಂದು ವಿಮರ್ಶೆಯಲ್ಲಿ, ವಸಡು ಮತ್ತೆ ಅಂಟಿಕೊಳ್ಳುವ ವಿಷಯದಲ್ಲಿ ಹೇಳಿಕೊಳ್ಳುವಂಥ ಲಾಭವೇ ಕಾಣಲಿಲ್ಲ. ಎಮ್ಡೋಗೇನ್ ಥರದ, ಕಳೆದುಹೋದ ಅಂಗಾಂಶ ಮತ್ತೆ ಬೆಳೆಯಲಿ ಅಂತ ಹಾಕುವ ಜೆಲ್ ಬಳಸುವುದಾದರೆ ಮಾತು ಬೇರೆ, ಅಲ್ಲಿ ಇಡಿಟಿಎ ಆ ವಿಧಾನದ್ದೇ ಒಂದು ಭಾಗ. ಯಾವುದು ಹಾಕ್ತೀರಿ, ಯಾಕೆ ಅಂತ ಡಾಕ್ಟರನ್ನೇ ಕೇಳಿ. ಸರ್ಜರಿ ಬೇಕಾ ಅಂತ ಇನ್ನೊಬ್ಬರನ್ನು ಕೇಳಬೇಕಿದ್ದರೆ ದಾವಣಗೆರೆಯಲ್ಲೇ ಡೆಂಟಲ್ ಕಾಲೇಜುಗಳಿವೆ, ಪೆರಿಯೋ (ವಸಡಿನ) ವಿಭಾಗಕ್ಕೆ ಹೋಗಿ. ಅದಕ್ಕೂ ಮೊದಲು ಅಮ್ಮನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಯಾವ ಕೆಮಿಕಲ್ ಹಚ್ಚಿದರೂ ಗಾಯ ಸರಿಯಾಗಿ ಮಾಯುವುದು ಕಷ್ಟ.

ಚನ್ನಗಿರಿಯಿಂದ: ನಮ್ಮ ಕಡೆ ಅಡಿಕೆ ಬಾಯಲ್ಲಿ ಇಲ್ಲದ ಮನುಷ್ಯ ಸಿಗುವುದೇ ಕಷ್ಟ! ನಮ್ಮ ಮಾವನಿಗೆ ಇದೇ ಆಪರೇಷನ್, ಇದೇ ಕೆಮಿಕಲ್ ಎಲ್ಲಾ ಆಯಿತು. ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ತಂಬಾಕು ಹಾಕಿದ ಎಲೆ ಅಡಿಕೆ ಶುರು. ಪಾಕೆಟ್ ತಿರುಗಿ ಬಂತು, ಒಂದು ಹಲ್ಲು ಕೀಳಿಸಿಯೂ ಆಯಿತು. ಅಮ್ಮನಿಗೆ ಆ ಚಟ ಇದ್ದರೆ ಮೊದಲು ಅದನ್ನು ನೋಡಿ.

ಹರಿಹರದಿಂದ: ಆಪರೇಷನ್ ಆದಮೇಲೆ ತಣ್ಣೀರು ಕುಡಿದರೆ ಜುಂ ಅನ್ನುತ್ತದೆ, ಬೇರು ಹೊರಗೆ ಕಾಣುತ್ತದಲ್ಲ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಹಚ್ಚುತ್ತಾ ಬಂದರೆ ಬರಬರುತ್ತಾ ಕಡಿಮೆ ಆಗುತ್ತದೆ. ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಷ್ ಯಾವ ಸೈಜ್ ಬೇಕು ಅಂತ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಮೊದಮೊದಲು ಗಂಜಿ, ಮೊಸರನ್ನ, ಮೆತ್ತಗಿನ ಇಡ್ಲಿ ಸಾಕು. ಹೊಲಿಗೆ ಇರುವ ತನಕ ಮಂಡಕ್ಕಿ ಮಿರ್ಚಿ ಕಡೆ ತಲೆ ಹಾಕಬೇಡಿ, ಮಂಡಕ್ಕಿ ಚೂರು ಸಂದಿಗೆ ಹೋಗಿ ಕೂತರೆ ತೆಗೆಯುವುದು ದೊಡ್ಡ ಕಷ್ಟ.