ಓದುಗರ ಸ್ಪಂದನ: ‘ಮುಖ ಹೋಲುತ್ತಿಲ್ಲ ಅಂತ ಪುಟಗಳು ವಾಪಸ್ ಬರ್ತಿವೆ, ಬಿಟ್ಟುಬಿಡಲೇ?’

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಹೀಗೆ ಬರೆದಿದ್ದರು: ‘ನಾನು ಕಾಮಿಕ್ಸ್ ಕಲಾವಿದೆ. ಚಿಕ್ಕಂದಿನಿಂದ ನೋಡಿಕೊಂಡು ಬಂದ ಟಿವಿ ಸರಣಿಯೊಂದರ ಕಾಮಿಕ್ಸ್ ಬಿಡಿಸುವ ಕೆಲಸ ಸಿಕ್ಕಿದೆ. ಬಾಹ್ಯಾಕಾಶದ ಕಥೆ. ಸಿಕ್ಕಾಗ ಕುಣಿದಾಡಿದ್ದೆ. ಈಗ ಪೆನ್ಸಿಲ್ ಹಿಡಿಯಲು ಭಯ. ನಾಯಕಿಯ ಮುಖ ನಟಿಯ ಹಾಗೆ ಕಾಣುತ್ತಿಲ್ಲ ಅಂತ ಪುಟಗಳು ವಾಪಸ್ ಬರುತ್ತಿವೆ. ಫೋಟೊ ಮೇಲೆ ಹಾಳೆ ಇಟ್ಟು ತಿದ್ದಿದರೆ ಒಪ್ಪುತ್ತಾರೆ, ಆದರೆ ಪುಟದಲ್ಲಿ ಜೀವ ಇರುವುದಿಲ್ಲ. ಮತ್ತೆ ಮತ್ತೆ ಬಿಡಿಸಿದ್ದಕ್ಕೆ ಬೇರೆ ದುಡ್ಡೂ ಇಲ್ಲ. ನನ್ನದೇ ಒಂದು ಕಥೆ ಅರ್ಧಕ್ಕೆ ನಿಂತಿದೆ. ಬೇರೆಯವರ ಪಾತ್ರ ಬಿಡಿಸಿಕೊಂಡೇ ವಯಸ್ಸು ಕಳೀತೀಯ ಅನ್ನುತ್ತಾರೆ ಗೆಳತಿಯರು. ಏನು ಮಾಡಲಿ?’

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಂಗೀ, ನಾನೂ ಇಂಥದ್ದೇ ಕೆಲಸ ಮಾಡುವವನು. ಬಿಡಬೇಡಿ. ಆದರೆ ಈಗ ಮಾಡುತ್ತಿರುವ ರೀತಿಯಲ್ಲೇ ಮುಂದುವರಿಸಲೂ ಬೇಡಿ.

ಫೋಟೊ ನೋಡಿ ಹಾಗೇ ಇಳಿಸಿದ ಮುಖ ಯಾಕೆ ಸಪ್ಪೆ ಆಗುತ್ತೆ ಗೊತ್ತಾ? ಬಹಳಷ್ಟು ಸಲ ಅದು ಲೆನ್ಸಿನ ಕೆಲಸ. ಪ್ರಚಾರದ ಫೋಟೊಗಳನ್ನು ಸಾಮಾನ್ಯವಾಗಿ ದೂರ ನಿಂತು, ಉದ್ದ ಲೆನ್ಸ್ ಹಾಕಿ ತೆಗೆದಿರುತ್ತಾರೆ. ಮೂಗು, ಕೆನ್ನೆ, ಕಿವಿ ಎಲ್ಲ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ನಿಮ್ಮ ಪ್ಯಾನೆಲ್‌ನಲ್ಲಿ, ಅಂದರೆ ಪುಟದ ಒಂದೊಂದು ಚಿತ್ರಚೌಕದಲ್ಲಿ, ಹಾಗಿರಲ್ಲ. ಬಾಹ್ಯಾಕಾಶ ಹಡಗಿನ ಕಾರಿಡಾರ್ ಅಗಲವಾಗಿ ತೆರೆದುಕೊಂಡಿರುತ್ತೆ, ನಾಯಕಿಯ ಕೈ ಓದುವವರ ಮುಖಕ್ಕೇ ಚಾಚಿರುತ್ತೆ. ಹತ್ತಿರದಿಂದ ನೋಡಿದ ಮೈಗೆ ದೂರದಿಂದ ನೋಡಿದ ತಲೆ ಕೂರಿಸಿದರೆ ಅದು ಅಂಟಿಸಿದ ಹಾಗೇ ಕಾಣುತ್ತೆ. ಬೆಳಕಿನ ತೊಂದರೆ ಇನ್ನೊಂದು. ಆ ಫೋಟೊಗಳಲ್ಲಿ ಮುಖದ ಎರಡೂ ಕಡೆ ಬೆಳಕು ಬಿದ್ದಿರುತ್ತೆ. ನೆರಳೇ ಇಲ್ಲದ ಕಡೆ ಕಪ್ಪು ಇಂಕ್ ಎಲ್ಲಿಗೆ ಅಂತ ಹಾಕ್ತೀರಿ?

ನಾನು ಮಾಡುವುದು ಇಷ್ಟು. ಕಥೆಯ ಪುಟ ಮುಟ್ಟುವ ಮೊದಲು ಆ ಮುಖವನ್ನು ಎದುರಿನಿಂದ, ಮುಕ್ಕಾಲು ತಿರುವಿನಲ್ಲಿ, ಪಕ್ಕದಿಂದ, ಕೆಳಗಿನಿಂದ, ಮೇಲಿನಿಂದ ಬಿಡಿಸುತ್ತೇನೆ. ಫೋಟೊ ಮುಚ್ಚಿಟ್ಟು ಬಿಡಿಸಲು ಬರುವವರೆಗೂ ಬಿಡಿಸುತ್ತೇನೆ. ಕಣ್ಣಿನ ಅಂದ, ತುಟಿಯ ಅಂದ ಅಂತ ಹೋಗಬೇಡಿ. ಹುಬ್ಬಿಗೂ ಕಣ್ಣಿಗೂ ನಡುವಿನ ಜಾಗ ನೋಡಿ. ಮೂಗಿನ ಬುಡದಿಂದ ಮೇಲ್ದುಟಿಗೆ ಎಷ್ಟು ದೂರ ನೋಡಿ. ಹಣೆಯ ಮೇಲೆ ಕೂದಲು ಎಲ್ಲಿಂದ ಶುರುವಾಗುತ್ತೆ ನೋಡಿ. ಈ ಅಳತೆಗಳು ಕೂತುಬಿಟ್ಟರೆ ಸಣ್ಣ ಪ್ಯಾನೆಲ್‌ನಲ್ಲಿ ಎರಡು ಚುಕ್ಕೆ, ಒಂದು ಗೆರೆ ಎಳೆದರೂ ‘ಅವರೇ’ ಅನ್ನಿಸುತ್ತೆ. ಸ್ವಲ್ಪ ಜೇಡಿಮಣ್ಣಿನಲ್ಲಿ ತಲೆಯೊಂದನ್ನು ಮಾಡಿಟ್ಟುಕೊಂಡರೆ ಇನ್ನೂ ಒಳ್ಳೇದು. ಟೇಬಲ್ ಲ್ಯಾಂಪ್ ಅತ್ತಿತ್ತ ಸರಿಸಿ ನೆರಳು ಎಲ್ಲಿ ಬೀಳುತ್ತೆ ಅಂತ ನೋಡಬಹುದು.

ಹೆಂಗಸರ ಮುಖದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಕ್ ಮಾಡುವಾಗ ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆ ಎಳೆದಿರಿ ಅಂದರೆ ವಯಸ್ಸು ಒಮ್ಮೆಗೇ ಏರುತ್ತೆ. ಕಣ್ಣಿನ ಕೆಳಗಿನ ಗೆರೆಯೂ ಹಾಗೇ. ಫೋಟೊದಲ್ಲಿ ಅದು ತೆಳು ನೆರಳು ಅಷ್ಟೇ, ಕಪ್ಪು ಇಂಕ್‌ನಲ್ಲಿ ಸುಕ್ಕಾಗುತ್ತೆ. ‘ಹೋಲುತ್ತಿಲ್ಲ’ ಅನ್ನುವ ದೂರಿನ ಹಿಂದೆ ‘ವಯಸ್ಸಾದ ಹಾಗೆ ಕಾಣ್ತಿದ್ದೀನಿ’ ಅನ್ನುವ ನಟಿಯ ಬೇಸರ ಇರುವುದು ಅಪರೂಪವಲ್ಲ. ಆ ಗೆರೆಗಳನ್ನು ಬಿಟ್ಟು, ಬಣ್ಣ ಹಾಕುವವರಿಗೆ ಒಂದು ಸೂಚನೆ ಬರೆದು ಕಳಿಸಿ. ಹಲ್ಲುಗಳನ್ನೂ ಒಂದೊಂದಾಗಿ ಬಿಡಿಸಬೇಡಿ.

ಇನ್ನು, ಪ್ರತಿ ಪ್ಯಾನೆಲ್‌ನಲ್ಲೂ ಮುಖ ಹೋಲಬೇಕಾಗಿಲ್ಲ. ಪುಟಕ್ಕೆ ಒಂದೋ ಎರಡೋ ಕಡೆ ಮುಖ ಚೆನ್ನಾಗಿ ಕೂತರೆ ಓದುವವರು ಉಳಿದ ಕಡೆ ತಾವೇ ತುಂಬಿಕೊಳ್ಳುತ್ತಾರೆ. ಬೆನ್ನಿನಿಂದ ತೋರಿಸಿ. ಬರೀ ಕೈ ತೋರಿಸಿ. ಆ ನಟಿ ಹೇಗೆ ನಿಲ್ಲುತ್ತಾರೆ, ಯೋಚನೆ ಮಾಡುವಾಗ ತಲೆ ಯಾವ ಕಡೆ ವಾಲುತ್ತೆ, ಸಿಟ್ಟು ಬಂದಾಗ ಮಾತಿಗೆ ಮೊದಲು ಭುಜ ಏಳುತ್ತಾ? ಸೌಂಡ್ ಆಫ್ ಮಾಡಿಕೊಂಡು ಒಂದು ಕಂತು ನೋಡಿ. ಮಾತಿನ ನಡುವೆ ನಿಲ್ಲಿಸಿದ ಚಿತ್ರವನ್ನು ಮಾತ್ರ ನಂಬಬೇಡಿ. ಅಲ್ಲಿ ಎಲ್ಲರ ಕಣ್ಣೂ ಅರ್ಧ ಮುಚ್ಚಿರುತ್ತೆ.

– ಟಿವಿ ಸರಣಿಗಳ ಕಾಮಿಕ್ಸ್ ಬಿಡಿಸುವ ಓದುಗ

*

ನಾನು ಕಲಾವಿದೆ ಅಲ್ಲ, ಬರೀ ಓದುವವಳು. ಇಂಥ ಕಾಮಿಕ್ಸ್ ಕೊಳ್ಳುವ ನಮ್ಮಂಥವರಿಗೆ ನಿಜವಾಗಿ ಏನು ಬೇಕು ಅಂತ ಹೇಳಿಬಿಡುತ್ತೇನೆ. ಮುಖ ಫೋಟೊ ತರಹ ಇದ್ದು, ಪಾತ್ರ ಆಡಬಾರದ ಮಾತು ಆಡಿದರೆ ನಾವು ಪುಸ್ತಕ ಮುಚ್ಚಿಡ್ತೀವಿ. ಮುಖ ಸ್ವಲ್ಪ ಆಚೀಚೆ ಇದ್ದರೂ ‘ಹೌದು, ಅವಳು ಹೀಗೇ ನಿಲ್ತಾಳೆ’ ಅನ್ನಿಸಿದರೆ ಸಾಕು, ಮುಂದಿನ ಸಂಚಿಕೆಗೆ ಕಾಯ್ತೀವಿ. ಚಿಕ್ಕಂದಿನಿಂದ ಆ ಸರಣಿ ನೋಡಿದ್ದೀರಿ ಅಂದಿರಲ್ಲ, ಅದು ದೊಡ್ಡ ಆಸ್ತಿ. ಸುಮ್ನೆ ದುಡ್ಡಿಗೆ ಒಪ್ಪಿಕೊಂಡವರ ಪುಟ ಯಾವುದು, ಪ್ರೀತಿಯಿಂದ ಬಿಡಿಸಿದವರ ಪುಟ ಯಾವುದು ಅಂತ ನಮಗೆ ಗೊತ್ತಾಗುತ್ತೆ.

– ಇಂಥ ಕಾಮಿಕ್ಸ್‌ನ ಅಭಿಮಾನಿ

*

ಎಲ್ಲರೂ ಮುಖದ ಬಗ್ಗೆ ಹೇಳುತ್ತಾರೆ, ನಾನು ಜಾಗದ ಬಗ್ಗೆ ಹೇಳುತ್ತೇನೆ. ನಾನು ಚಿತ್ರೀಕರಣಕ್ಕೆ ಸೆಟ್ ಹಾಕುವವನು.

ಸೆಟ್ಟಿನಲ್ಲಿ ಹಡಗಿನ ನಿಯಂತ್ರಣ ಕೋಣೆಗೆ ಎಷ್ಟೋ ಸಲ ಮೂರೇ ಗೋಡೆ. ನಾಲ್ಕನೇ ಗೋಡೆ ಇರಬೇಕಾದ ಕಡೆ ಕ್ಯಾಮೆರಾ ಇರುತ್ತೆ. ಮೇಲೆ ದೀಪಗಳನ್ನು ಕಟ್ಟಬೇಕು, ಹಾಗಾಗಿ ಚಾವಣಿಯೂ ಪೂರ್ತಿ ಇರಲ್ಲ. ನೀವು ಕೆಳಗಿನಿಂದ ನೋಡಿದ ಹಾಗೆ ಒಂದು ಪ್ಯಾನೆಲ್ ಬಿಡಿಸಿದ ಕೂಡಲೇ ಯಾರೂ ಯಾವತ್ತೂ ಕಟ್ಟದ ಚಾವಣಿ ಬೇಕಾಗುತ್ತೆ. ಆ ಗೋಡೆ, ಆ ಚಾವಣಿ ನಿಮ್ಮದೇ ಕಲ್ಪನೆ. ಅಲ್ಲಿ ನೀವು ಬೇರೆಯವರದ್ದನ್ನು ನಕಲು ಮಾಡುತ್ತಿಲ್ಲ. ಬ್ಲೆಂಡರ್‌ನಂಥ ಉಚಿತ 3D ಸಾಫ್ಟ್‌ವೇರ್‌ನಲ್ಲಿ ಕೋಣೆಯನ್ನು ಒರಟಾಗಿ ಒಂದು ಸಲ ಕಟ್ಟಿಟ್ಟುಕೊಳ್ಳಿ. ಬರೀ ಡಬ್ಬಿಗಳಾದರೂ ಸಾಕು. ಕುರ್ಚಿ, ಬಾಗಿಲು, ಪರದೆ ಎಲ್ಲಿದೆ ಅಂತ ಪ್ರತಿ ಪುಟಕ್ಕೂ ಹುಡುಕುವ ಕೆಲಸ ತಪ್ಪುತ್ತೆ. ಉಳಿದ ಹೊತ್ತನ್ನು ಮುಖಕ್ಕೆ ಕೊಡಬಹುದು.

ಇನ್ನೊಂದು ಮಾತು. ಟಿವಿಯವರು ಖರ್ಚಿಗೆ ಹೆದರಿ ಅನ್ಯಗ್ರಹದ ಜೀವಿಗೆ ಹಣೆಯ ಮೇಲೆ ರಬ್ಬರ್ ತುಂಡು ಅಂಟಿಸಿ ಸುಮ್ಮನಾಗುತ್ತಾರೆ. ನಿಮ್ಮ ಹಾಳೆಯಲ್ಲಿ ಇಡೀ ನಗರ ಮುಳುಗಿಸಿದರೂ ಒಂದು ಪೈಸೆ ಜಾಸ್ತಿ ಆಗಲ್ಲ. ಈ ಅಳತೆಯ ದೃಶ್ಯ ಬರೆದುಕೊಡಿ ಅಂತ ಕಥೆ ಬರೆಯುವವರನ್ನು ಕೇಳಿ. ದೊಡ್ಡ ದೃಶ್ಯದಲ್ಲಿ ಮುಖಗಳು ಚಿಕ್ಕವಾಗುತ್ತವೆ, ಅದೂ ಒಳ್ಳೇದೇ ಅಲ್ವಾ?

– ಸೆಟ್ ವಿನ್ಯಾಸಕ

*

ಅಕ್ಕ, ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಒಪ್ಪಿಕೊಂಡ ಸಂಚಿಕೆಗಳನ್ನು ಮುಗಿಸಿಕೊಟ್ಟು ಹೊರಗೆ ಬನ್ನಿ. ಪೆನ್ಸಿಲ್ ಹಿಡಿಯಲು ಭಯ ಅಂದಿದ್ದೀರಿ. ಕಲಾವಿದರಿಗೆ ಅದಕ್ಕಿಂತ ದೊಡ್ಡ ನಷ್ಟ ಯಾವುದು? ಭಯದಲ್ಲೇ ವರ್ಷ ಕಳೆದರೆ ಕೈ ಗಟ್ಟಿಯಾಗುತ್ತೆ, ಗೆರೆ ಅಂಜುತ್ತೆ. ನಾನು ಇಂಥದ್ದೇ ಒಂದು ಕೆಲಸದಿಂದ ಹೊರಗೆ ಬಂದೆ, ಈಗ ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುತ್ತೇನೆ. ದುಡ್ಡು ಕಡಿಮೆ, ಆದರೆ ನೆಮ್ಮದಿ ಇದೆ. ನಡುವೆ ಬಿಟ್ಟು ಹೋಗಬೇಡಿ, ಹೆಸರು ಕೆಡುತ್ತೆ. ಅದೊಂದನ್ನು ಮಾತ್ರ ಗಮನದಲ್ಲಿಡಿ.

– ಚಿತ್ರಕಾರ್ತಿ

*

ನಿಮ್ಮ ಗೆಳತಿಯರ ಮಾತಿಗೆ ಉತ್ತರ ಕೊಡೋಣ ಅನ್ನಿಸಿತು. ಹಳೇ ಕಾಮಿಕ್ಸ್ ಕೂಡಿಡುವ ಹುಚ್ಚು ನನ್ನದು.

1979ರಲ್ಲಿ ಬ್ರಿಟನ್‌ನಲ್ಲಿ ‘ಡಾಕ್ಟರ್ ಹೂ’ ಟಿವಿ ಸರಣಿಗೇ ಅಂತ ಒಂದು ವಾರಪತ್ರಿಕೆ ಶುರುವಾಯಿತು. ಅದರಲ್ಲಿ ಸರಣಿಯ ನಾಯಕ ಡಾಕ್ಟರ್‌ನ ಕಾಮಿಕ್ಸ್ ಬಿಡಿಸಿದವರು ಡೇವ್ ಗಿಬ್ಬನ್ಸ್. ಟಿವಿಯಲ್ಲಿ ಆಗ ಆ ಪಾತ್ರ ಮಾಡುತ್ತಿದ್ದ ಟಾಮ್ ಬೇಕರ್ ಅವರ ಗುಂಗುರು ಕೂದಲು, ಉದ್ದ ಸ್ಕಾರ್ಫ್ ವಾರ ವಾರ ಬಿಡಿಸಬೇಕಿತ್ತು. ಅದೇ ಗಿಬ್ಬನ್ಸ್ 1986ರಲ್ಲಿ ‘ವಾಚ್‌ಮೆನ್’ ಅನ್ನುವ ಹೆಸರಾದ ಕಾಮಿಕ್ಸ್ ಬಿಡಿಸಿದರು. 1995ರಲ್ಲಿ ‘ಎಕ್ಸ್-ಫೈಲ್ಸ್’ ಸರಣಿಯ ಕಾಮಿಕ್ಸ್ ಶುರುವಾದಾಗ ಅದನ್ನು ಬಿಡಿಸಿದ ಚಾರ್ಲಿ ಆಡ್ಲಾರ್ಡ್, 2004ರಿಂದ ‘ದಿ ವಾಕಿಂಗ್ ಡೆಡ್’ ಕಾಮಿಕ್ಸನ್ನು 2019ರಲ್ಲಿ ಅದು ಮುಗಿಯುವವರೆಗೂ ಬಿಡಿಸಿದರು. ಟಿವಿ ಪಾತ್ರ ಬಿಡಿಸಿದ್ದರಿಂದ ಇವರ ಸ್ವಂತ ಕೆಲಸ ನಿಲ್ಲಲಿಲ್ಲ. ಗಡುವಿಗೆ ಸರಿಯಾಗಿ, ಮಾಮೂಲಿ ಬಟ್ಟೆ ಹಾಕಿಕೊಂಡ ಸಾಮಾನ್ಯ ಮನುಷ್ಯರು ಕೋಣೆಯಲ್ಲಿ ನಿಂತು ಮಾತಾಡುವುದನ್ನು ಪುಟಗಟ್ಟಲೆ ಬಿಡಿಸಿ ಪಳಗುವುದು ಸಣ್ಣ ತಾಲೀಮಲ್ಲ.

ಹೋಲಿಕೆಯ ವಿಷಯಕ್ಕೂ ಒಂದು ಉದಾಹರಣೆ ಇದೆ. 1967ರಲ್ಲಿ ಗೋಲ್ಡ್ ಕೀ ಪ್ರಕಾಶನ ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಕಾಮಿಕ್ಸ್ ತಂದಾಗ, ಅದನ್ನು ಬಿಡಿಸಿದ ಇಟಲಿಯ ಅಲ್ಬೆರ್ತೊ ಜಿಯೊಲಿತ್ತಿಯಂಥ ಕಲಾವಿದರು ಆ ಸರಣಿಯನ್ನು ನೋಡಿಯೇ ಇರಲಿಲ್ಲ. ಕೈಗೆ ಸಿಕ್ಕ ಫೋಟೊಗಳೇ ಆಧಾರ. ಟಿವಿಯಲ್ಲಿ ಶಾಂತವಾಗಿ ತೇಲುವ ಎಂಟರ್‌ಪ್ರೈಸ್ ಹಡಗಿನ ಹಿಂದೆ ಇವರು ರಾಕೆಟ್ಟಿನ ಬೆಂಕಿ ಬಿಡಿಸಿಬಿಟ್ಟರು! ಆದರೂ ಆ ಕಾಮಿಕ್ಸ್ 1979ರವರೆಗೆ 61 ಸಂಚಿಕೆ ಬಂತು. ಜಿಯೊಲಿತ್ತಿ ಬಿಡಿಸಿದ ಬೇರೆ ಗ್ರಹಗಳ ಕಾಡು, ಬಂಡೆ, ಪಾಳುಬಿದ್ದ ಊರು ಇವತ್ತಿಗೂ ಕಣ್ಣಿಗೆ ಹಬ್ಬ. ನಾನಂತೂ ಆ ಸಂಚಿಕೆಗಳನ್ನು ಯಾರಿಗೂ ಕೊಡಲ್ಲ.

– ಹಳೇ ಕಾಮಿಕ್ಸ್ ಸಂಗ್ರಾಹಕ

*

ನಾನು ಕಾಮಿಕ್ಸ್ ಸಂಪಾದಕಿ. ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಒಂದು ಮಾತು: ತಿದ್ದುವ ಕೆಲಸಕ್ಕೆ ದುಡ್ಡಿಲ್ಲ. ಮುಖ ಹೋಲದಿರುವುದು ಕೈಯ ತೊಂದರೆ ಇರಬಹುದು. ಆದರೆ ಅದೇ ಪುಟ ಮೂರನೇ ಸಲ ವಾಪಸ್ ಬಂದರೆ ಅದು ಸಂಪಾದಕರ ತೊಂದರೆ. ಅದನ್ನು ನೀವು ಹೊರಬಾರದು.

ಒಂದು ಸರಣಿಯ ಹಕ್ಕು ಒಬ್ಬರ ಕೈಯಲ್ಲೇ ಇರುವುದಿಲ್ಲ. ಕಥೆ ಸ್ಟುಡಿಯೋದ್ದು, ಮುಖ ನಟಿಯದ್ದು. ಕಾಮಿಕ್ಸ್‌ನಲ್ಲಿ ತನ್ನ ಮುಖ ಹೇಗಿರಬೇಕು ಅಂತ ಒಪ್ಪಿಗೆ ಕೊಡುವ ಹಕ್ಕನ್ನು ಕೆಲವು ನಟರು ತಮ್ಮ ಒಪ್ಪಂದದಲ್ಲೇ ಬರೆಸಿಕೊಂಡಿರುತ್ತಾರೆ. ಕೆಲವು ಸಲ ಒಂದು ರಾಕ್ಷಸನಿಗೂ ಬೇರೆ ಒಡೆಯರು. ‘ಡಾಕ್ಟರ್ ಹೂ’ನ ಡಾಲೆಕ್ ಅನ್ನುವ ರಕ್ಕಸ ಪಾತ್ರಗಳ ಹಕ್ಕಿನಲ್ಲಿ ಅವನ್ನು ಸೃಷ್ಟಿಸಿದ ಲೇಖಕ ಟೆರಿ ನೇಷನ್‌ಗೂ ಪಾಲಿತ್ತು. ಹಾಗಾಗಿ 1965ರಲ್ಲಿ ಒಂದು ಪತ್ರಿಕೆಯಲ್ಲಿ ಡಾಕ್ಟರ್ ಇಲ್ಲದ ಡಾಲೆಕ್ ಕಾಮಿಕ್ಸ್ ಬರುತ್ತಿತ್ತು, ಇನ್ನೊಂದರಲ್ಲಿ ಡಾಲೆಕ್ ಇಲ್ಲದ ಡಾಕ್ಟರ್ ಕಾಮಿಕ್ಸ್. ಆದ್ದರಿಂದ ಮೊದಲು ಕೇಳಬೇಕಾದ್ದು: ನನ್ನ ಪುಟ ವಾಪಸ್ ಕಳಿಸುತ್ತಿರುವುದು ಯಾರು? ಸ್ಟುಡಿಯೋದವರಾ, ನಟಿಯ ಕಡೆಯವರಾ? ಇಬ್ಬರೂ ಬೇರೆ ಬೇರೆ ಹೇಳುತ್ತಿದ್ದರೆ ನೀವು ಎಷ್ಟು ತಿದ್ದಿದರೂ ಮುಗಿಯಲ್ಲ.

ಹಕ್ಕಿನ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಇಂಥ ಕೆಲಸದಲ್ಲಿ ಚಿತ್ರದ ಹಕ್ಕು ಸಾಮಾನ್ಯವಾಗಿ ಕೆಲಸ ಕೊಟ್ಟವರಿಗೇ ಸೇರುತ್ತೆ. ಅಮೆರಿಕದ ಪ್ರಕಾಶಕರಾದರೆ ಒಪ್ಪಂದದಲ್ಲಿ ‘ವರ್ಕ್ ಮೇಡ್ ಫಾರ್ ಹೈರ್’ (ಹಕ್ಕೆಲ್ಲ ಕೆಲಸ ಮಾಡಿಸಿಕೊಂಡವರದ್ದೇ) ಅನ್ನುವ ಮಾತು ಹುಡುಕಿ. ಅಲ್ಲಿನ 1976ರ ಕಾಪಿರೈಟ್ ಕಾಯ್ದೆ ಪ್ರಕಾರ, ಹೊರಗಿನ ಕಲಾವಿದರಿಂದ ಹೀಗೆ ಕೆಲಸ ಮಾಡಿಸಿಕೊಳ್ಳಬೇಕಾದರೆ ಅದು ಬರಹದಲ್ಲಿರಬೇಕು, ಎರಡೂ ಕಡೆಯವರು ಸಹಿ ಮಾಡಿರಬೇಕು. ಹಾಗಾಗಿ ನಿಮ್ಮ ಸ್ವಂತ ಕಥೆಯ ಒಂದು ಪ್ರಾಣಿಯನ್ನೋ ಯಂತ್ರವನ್ನೋ ಈ ಪುಟಗಳಲ್ಲಿ ತಂದು ಹಾಕಬೇಡಿ. ಹಾಕಿದರೆ ಅದು ಅವರದ್ದಾಗಬಹುದು. ಆ ಕಥೆ ಬೇರೆ ಹಾಳೆಯಲ್ಲಿ, ಬೇರೆ ಹೊತ್ತಿನಲ್ಲಿ ಬೆಳೆಯಲಿ. ಕೈಯಲ್ಲಿ ಬಿಡಿಸುವವರಾದರೆ ಮೂಲ ಪುಟಗಳು ನಿಮಗೆ ವಾಪಸ್ ಬರುತ್ತವಾ, ಮಾರಬಹುದಾ ಅಂತಲೂ ನೋಡಿಕೊಳ್ಳಿ. ಹೆಸರಾದ ಸರಣಿಯ ಮೂಲ ಚಿತ್ರಕ್ಕೆ ಕೊಳ್ಳುವವರು ಇರುತ್ತಾರೆ.

ಮುಂದಿನ ಸಂಚಿಕೆಯ ಕೆಲಸ ಶುರು ಮಾಡುವ ಮೊದಲು ನಿಮ್ಮ ಸಂಪಾದಕರಿಗೆ ಒಂದು ಪತ್ರ ಬರೆಯಿರಿ. ಜಗಳದ ಧಾಟಿ ಬೇಡ. ಮೇಲೆ ಒಬ್ಬರು ಹೇಳಿದ ಮುಖಗಳ ಹಾಳೆಯನ್ನು ಜೊತೆಗೆ ಲಗತ್ತಿಸಿ. ‘ಇದಕ್ಕೆ ಎಲ್ಲರ ಒಪ್ಪಿಗೆ ಮೊದಲೇ ತಂದುಕೊಡಿ, ಮುಂದೆ ಇದೇ ಅಳತೆ’ ಅನ್ನಿ. ತಿದ್ದುಪಡಿಗಳೆಲ್ಲ ಥಂಬ್‌ನೇಲ್ (ಪುಟದ ಸಣ್ಣ ಕರಡು ಚಿತ್ರ) ಮತ್ತು ಪೆನ್ಸಿಲ್ ಹಂತದಲ್ಲೇ ಬರಲಿ, ಬರಹದಲ್ಲೇ ಬರಲಿ, ಪ್ಯಾನೆಲ್ ನಂಬರ್ ಹಾಕಿ ಬರಲಿ ಅಂತ ಕೇಳಿ. ಪುಟಕ್ಕೆ ಎರಡು ಸಲ ತಿದ್ದಿಕೊಡುತ್ತೇನೆ, ಅದರಾಚೆಗೆ ಮತ್ತು ಇಂಕ್ ಆದ ಮೇಲಿನ ಪ್ರತಿ ಬದಲಾವಣೆಗೂ ಇಷ್ಟು ಸಂಭಾವನೆ ಅಂತ ಮೊತ್ತವನ್ನೂ ಬರೆಯಿರಿ. ಒಳ್ಳೆಯ ಸಂಪಾದಕರಾದರೆ ಈ ಪತ್ರ ಹಿಡಿದುಕೊಂಡೇ ಸ್ಟುಡಿಯೋದವರ ಜೊತೆ ಮಾತಾಡುತ್ತಾರೆ, ಅವರಿಗೂ ಗಡುವಿನ ಚಿಂತೆ ಇರುತ್ತಲ್ಲ. ಎರಡು ವಾರ ಕಳೆದರೂ ಉತ್ತರ ಬರದಿದ್ದರೆ, ಒಪ್ಪಿಕೊಂಡಷ್ಟು ಸಂಚಿಕೆ ಮುಗಿಸಿ ಮುಂದಿನ ಒಪ್ಪಂದಕ್ಕೆ ಸಹಿ ಹಾಕಬೇಡಿ.

– ಕಾಮಿಕ್ಸ್ ಸಂಪಾದಕಿ